ಹಳೇ ಕಾರಿನ ಅಲಾರಂ ತೆಗೆಯುವ ಮುಂಚೆ ರಿಲೇ ಹುಡುಕಿ

ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ ಎಷ್ಟೋ ಸಲ ಹಿಂದಿನ ಮಾಲೀಕರು ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಅಲಾರಂ ಕೂಡ ಜೊತೆಗೇ ಬರುತ್ತದೆ. ರಿಮೋಟ್ ಕಳೆದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಅಲಾರಂ ನಡುರಾತ್ರಿ ಸುಮ್‌ಸುಮ್ನೆ ಬಡಿದುಕೊಳ್ಳುತ್ತದೆ. ಬೇಸತ್ತು ಡ್ಯಾಶ್‌ಬೋರ್ಡ್ ಕೆಳಗೆ ಕೈಹಾಕಿ, ಅಲಾರಂ ಡಬ್ಬಿಗೆ ಹೋಗುವ ವೈರುಗಳನ್ನೆಲ್ಲ ಒಟ್ಟಿಗೆ ಕತ್ತರಿಸಿದವರನ್ನು ಬಹಳ ನೋಡಿದ್ದೇನೆ. ಸದ್ದೇನೋ ನಿಲ್ಲುತ್ತದೆ, ಆದರೆ ಕಾರು ಸ್ಟಾರ್ಟೇ ಆಗುವುದಿಲ್ಲ.

ಅಲಾರಂ ಕೂರಿಸುವವರು ಕಾರಿನ ಕೆಲವು ವೈರುಗಳಿಗೆ ಬರೀ ಜಾಯಿಂಟ್ ಕೊಟ್ಟಿರುತ್ತಾರೆ. ಇನ್ನು ಕೆಲವನ್ನು ಕತ್ತರಿಸಿ, ಅಲಾರಂ ಕಾರನ್ನು ಸ್ಟಾರ್ಟ್ ಆಗದಂತೆ ತಡೆಯಲೆಂದು ನಡುವೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಹಾಕಿರುತ್ತಾರೆ. ಜಾಯಿಂಟ್ ಆದರೆ ಬಿಚ್ಚಿದರಾಯಿತು. ಕತ್ತರಿಸಿದ್ದನ್ನು ಮಾತ್ರ ಮತ್ತೆ ಸೇರಿಸಲೇಬೇಕು.

ಮೊದಲು ಬಾನೆಟ್ ಎತ್ತಿ ಸೈರನ್ ನೋಡಿ. ಅದರಲ್ಲಿ ಚಿಕ್ಕ ಕೀ ತೂತು ಇದ್ದರೆ ಒಳಗೆ ಪ್ರತ್ಯೇಕ ಬ್ಯಾಟರಿ ಇದೆ ಎಂದರ್ಥ. ಅದನ್ನು ಕೀಯಿಂದ ಆಫ್ ಮಾಡಿ, ಆಮೇಲೆ ಕಾರಿನ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಿಂದುಮುಂದಾದರೆ ಸೈರನ್ ಕೂಗಲು ಶುರು ಮಾಡುತ್ತದೆ. ಸ್ಟೇರಿಂಗ್ ಕೆಳಗಿನ ಪ್ಯಾನೆಲ್ ತೆಗೆಯಿರಿ. ಹಳದಿ ಕವಚದ ವೈರು, ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವನ್ನು ಮುಟ್ಟಲೇಬೇಡಿ.

ಈಗ ಅಸಲಿ ಕೆಲಸ. ಒಂದಿಂಚಿನ ಕಪ್ಪು ಚೌಕದ ರಿಲೇ ಹುಡುಕಿ. ಅಡಿಯಲ್ಲಿ 30, 85, 86, 87, 87ಎ ಎಂಬ ಗುರುತುಗಳಿರುತ್ತವೆ. 85, 86ಕ್ಕೆ ಬರುವ ಸಣ್ಣ ವೈರುಗಳು ರಿಲೇಯನ್ನು ನಡೆಸುವ ಕಾಯಿಲ್‌ನವು. ನಮಗೆ ಬೇಕಾದ್ದು ಎರಡು ದಪ್ಪ ವೈರು. ಅವು ಸಾಮಾನ್ಯವಾಗಿ 30 ಮತ್ತು 87ಎಗೆ ಬಂದಿರುತ್ತವೆ. ಕೆಲವು ಅಲಾರಂಗಳಲ್ಲಿ ರಿಲೇ ಡಬ್ಬಿಯೊಳಗೇ ಇರುತ್ತದೆ, ಆಗ ಡಬ್ಬಿಗೆ ಹೋಗುವ ದಪ್ಪ ಜೋಡಿಯನ್ನು ಹಿಡಿಯಿರಿ. ಎರಡನ್ನೂ ಕೈಯಲ್ಲೇ ಹಿಂಬಾಲಿಸುತ್ತಾ ಹೋಗಿ. ಕೊನೆಗೆ ಟೇಪಿನ ಉಂಡೆ ಸಿಗುತ್ತದೆ. ಬಿಡಿಸಿದರೆ ಬೆರಳಿಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ, ಒಳಗೆ ಕಾರಿನದೇ ವೈರಿನ ಎರಡು ತುಂಡು ಕಾಣುತ್ತವೆ. ಎರಡರ ಬಣ್ಣ, ಗೆರೆ, ದಪ್ಪ ಒಂದೇ ಇದ್ದರೆ ಕತ್ತರಿಸಿದ ಜಾಗ ಅದೇ.

ಆದರೂ ಕಣ್ಣನ್ನಷ್ಟೇ ನಂಬಬೇಡಿ. ಜೋಡಿಯನ್ನು ರಿಲೇಯಿಂದ ಬಿಡಿಸಿ, ತುದಿಗಳು ಎಲ್ಲೂ ತಾಗದಂತೆ ಇಟ್ಟು, ಬ್ಯಾಟರಿ ಮತ್ತೆ ಕೊಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕೀ ಕಡೆಯ ತುಂಡು ಸ್ಟಾರ್ಟ್ ಮಾಡುವಾಗ ಮಾತ್ರ 12 ವೋಲ್ಟ್ ಹತ್ತಿರ ತೋರಿಸಿದರೆ ಅದು ಸ್ಟಾರ್ಟರ್ ವೈರು. ಕೀ ಆನ್ ಇದ್ದಾಗಲೂ ತೋರಿಸಿದರೆ ಇಗ್ನಿಷನ್ನಿನದು. ಬಲ್ಬಿನ ಟೆಸ್ಟರ್ ಬೇಡ, ಸೂಕ್ಷ್ಮ ಸರ್ಕ್ಯೂಟಿಗೆ ಅದು ಎಳೆಯುವ ಕರೆಂಟೇ ಜಾಸ್ತಿ.

ಮತ್ತೆ ಬ್ಯಾಟರಿ ಬಿಚ್ಚಿ, ತುಂಡುಗಳನ್ನು ಸೇರಿಸಿ. ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬನ್ನು ಮೊದಲೇ ಒಂದು ವೈರಿಗೆ ತೂರಿಸಿಡಿ, ಜಾಯಿಂಟ್ ಆದ ಮೇಲೆ ಹಾಕಲು ಆಗುವುದಿಲ್ಲ. ಎಳೆಗಳನ್ನು ಒಂದಕ್ಕೊಂದು ಹೆಣೆದು ಸಾಲ್ಡರ್ ಮಾಡಿ. ಬರೀ ತಿರುಚಿ ಟೇಪ್ ಸುತ್ತುವುದನ್ನು ನಾನು ಒಪ್ಪುವುದೇ ಇಲ್ಲ. ಅಗ್ಗದ ಟೇಪಿನ ಅಂಟು ಬಿಸಿಲಿಗೆ ಕರಗಿ ಬಿಚ್ಚಿಕೊಳ್ಳುತ್ತದೆ. ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪೂ ಬೇಡ, ಅದು ಎಳೆಗಳನ್ನೇ ಕತ್ತರಿಸುತ್ತದೆ.

ಅಲಾರಂ ಫ್ಯೂಸ್ ಕಿತ್ತು ಹಾಗೇ ಬಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಹಲವು ಕಾರು ಆಗಲೂ ಓಡುತ್ತವೆ. ಆದರೆ ಹಳೇ ಜಾಯಿಂಟ್ ಅಲ್ಲೇ ಉಳಿಯುತ್ತದೆ. ಅದು ಇಗ್ನಿಷನ್ ವೈರಿನಲ್ಲಿದ್ದು ಓಡುವಾಗ ಕಳಚಿದರೆ ಇಂಜಿನ್ ನಡುರಸ್ತೆಯಲ್ಲೇ ನಿಲ್ಲುತ್ತದೆ. ದಯವಿಟ್ಟು ಹಾಗೆ ಬಿಡಬೇಡಿ.

ಅಲಾರಂ ಡಬ್ಬಿ ಇನ್ನೂ ನೇತಾಡುತ್ತಿರುವಾಗಲೇ ಬ್ಯಾಟರಿ ಕೊಟ್ಟು ನಾಲ್ಕಾರು ಸಲ ಸ್ಟಾರ್ಟ್ ಮಾಡಿ ನೋಡಿ. ಸರಿ ಇದ್ದರೆ ಬ್ಯಾಟರಿ ಬಿಚ್ಚಿ, ಉಳಿದ ಜಾಯಿಂಟ್‌ಗಳನ್ನು ಒಂದೊಂದಾಗಿ ತೆಗೆದು ಟೇಪ್ ಸುತ್ತಿ. ಇಲ್ಲಿ ಬಟ್ಟೆಯ ಟೇಪೇ ಒಳ್ಳೆಯದು. ಡೋರ್ ಲಾಕಿನ ವೈರುಗಳನ್ನೂ ಕೆಲವೊಮ್ಮೆ ಕತ್ತರಿಸಿರುತ್ತಾರೆ, ಹಾಗಿದ್ದರೆ ಅವನ್ನೂ ಬಣ್ಣ ನೋಡಿ ಸೇರಿಸಿ. ಕಂಪನಿಯಿಂದಲೇ ಬಂದ, ಕೀ ಚಿಪ್ ಓದುವ ಇಮ್ಮೊಬಿಲೈಸರ್ ತಂಟೆಗೆ ಹೋಗಬೇಡಿ. ರಿಮೋಟ್ ಸ್ಟಾರ್ಟ್ ಇದ್ದ ಅಲಾರಂ ಆದರೆ ಅದರ ಪಕ್ಕದ ಚಿಕ್ಕ ಡಬ್ಬಿ ಬಿಚ್ಚಿ ನೋಡಿ, ಒಳಗೆ ಕಾರಿನ ಸ್ಪೇರ್ ಕೀ ಇಟ್ಟಿರುವ ಸಾಧ್ಯತೆ ಇದೆ. ಸೈರನ್ ವೈರು ಎಳೆದ ತೂತಿಗೆ ರಬ್ಬರ್ ಬಿರಡೆ ಹಾಕಿ, ಇಲ್ಲದಿದ್ದರೆ ಮಳೆನೀರು ಒಳಗೆ ಇಳಿಯುತ್ತದೆ.