ಕಿಟಕಿ ಸಂದಿಗೆ ಯಾವ ಫೋಮ್: ನನ್ನ ಅನುಭವ

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ಬೆರಳಗಲದ ಸಂದಿ. ಮಳೆಗಾಲದಲ್ಲಿ ಅಲ್ಲಿಂದಲೇ ಗಾಳಿ, ಎರಚಲು ಒಳಗೆ ಬರುತ್ತಿತ್ತು.

ಸಿಮೆಂಟ್ ಮೆತ್ತಿದೆ, ಬಿರುಕು ಬಿಟ್ಟಿತು. ಬರೀ ಸಿಲಿಕೋನ್ (ಸಂದಿ ಮುಚ್ಚುವ ರಬ್ಬರಿನಂಥ ಅಂಟು) ಅಷ್ಟು ಅಗಲಕ್ಕೆ ನಿಲ್ಲಲಿಲ್ಲ. ಸಾದಾ ಪಿಯು ಫೋಮ್ (ಡಬ್ಬಿಯಿಂದ ಚಿಮ್ಮಿಸಿದರೆ ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್ ನೊರೆ) ತುಂಬಿದೆ. ಅದು ಜಾಸ್ತಿ ಉಬ್ಬಿ ಚೌಕಟ್ಟನ್ನೇ ಒಳಕ್ಕೆ ತಳ್ಳಿತು, ಕಿಟಕಿ ಜಾರಿಸೋಕೆ ಆಗಲಿಲ್ಲ. ಅದನ್ನೆಲ್ಲ ಕೊಯ್ದು ತೆಗೆಯಬೇಕಾಯಿತು.

ಕೆಲಸಕ್ಕೆ ಬಂದಿದ್ದು ಕಡಿಮೆ ಉಬ್ಬುವ ಫೋಮ್. ಡಬ್ಬಿ ಮೇಲೆ ಬಾಗಿಲು, ಕಿಟಕಿಗೆ ಅಂತ ಬರೆದಿರುತ್ತೆ, ಅದನ್ನೇ ಕೇಳಿ ತೆಗೆದುಕೊಳ್ಳಿ. ಮೊದಲು ಬ್ರಷ್‌ನಿಂದ ಸಂದಿಯ ಧೂಳು ತೆಗೆದೆ. ಗೋಡೆ ಕಡೆ ನೀರು ಚಿಮುಕಿಸಿದೆ. ಈ ಫೋಮ್ ಗಟ್ಟಿಯಾಗೋದೇ ತೇವದಿಂದ, ಆದರೆ ನೀರು ನಿಲ್ಲಬಾರದು. ಡಬ್ಬಿಯನ್ನು 30 ಸೆಕೆಂಡ್ ಚೆನ್ನಾಗಿ ಅಲ್ಲಾಡಿಸಿ, ತಲೆಕೆಳಗೆ ಹಿಡಿದು, ಕೆಳಗಿನಿಂದ ಮೇಲಕ್ಕೆ ಅರ್ಧ ಸಂದಿ ಮಾತ್ರ ತುಂಬಿದೆ. ಉಳಿದ ಅರ್ಧ ಅದೇ ಉಬ್ಬಿ ತುಂಬಿಕೊಂಡಿತು. ಕೈಗೆ ಗ್ಲೌಸ್ ಇರಲಿ, ಅಂಟಿದ ಫೋಮ್ ಒಣಗಿದ ಮೇಲೆ ಅಸಿಟೋನ್‌ಗೂ (ನೈಲ್ ಪಾಲಿಶ್ ತೆಗೆಯುವ ದ್ರವ) ಬಿಡಲ್ಲ.

24 ಗಂಟೆ ಬಿಟ್ಟು, ಹೊರಗಡೆ ಫೋಮನ್ನು ಸುಮಾರು 5 ಮಿಮೀ ಒಳಕ್ಕೆ ಕೊಯ್ದು, ಅದರ ಮೇಲೆ ಸಿಲಿಕೋನ್ ಎಳೆದೆ. ಈ ಹಂತ ತಪ್ಪಿಸಬೇಡಿ. ಬಿಸಿಲಿಗೆ ಬಿಟ್ಟ ಫೋಮ್ ಹಳದಿಯಾಗಿ ಪುಡಿ ಉದುರುತ್ತೆ.