ಮೆಷಿನ್ ಬದಲಿಸಲು ಹೋಗಿ ಗ್ರೈಂಡರ್ ತಂದೆ

ಬೆಂಗಳೂರು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ 22 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಎಸ್ಪ್ರೆಸೊ ಮೆಷಿನ್ ತಂದೆ. ಇಟಲಿಯದು, ಸಿಂಗಲ್ ಬಾಯ್ಲರ್ (ಕಾಫಿಗೂ ಹಾಲಿನ ಸ್ಟೀಮ್‌ಗೂ ನೀರು ಕಾಯಿಸುವುದು ಒಂದೇ ಪಾತ್ರೆ), ಮುಂದೆ ಮೂರು ಸ್ವಿಚ್. ಹೊತ್ತು ತಂದ ಉತ್ಸಾಹದಲ್ಲಿ ಡಬ್ಬದಲ್ಲಿದ್ದ ಫಿಲ್ಟರ್ ಪುಡಿಯನ್ನೇ ತುಂಬಿ ಸ್ವಿಚ್ ಒತ್ತಿದೆ. ಅದರಲ್ಲಿ ಚಿಕೋರಿ 30 ಪರ್ಸೆಂಟ್. ಕಪ್ಪಿಗೆ ಬಿದ್ದದ್ದು ಕಷಾಯ. ಅಮ್ಮ ಒಂದು ಗುಟುಕು ಕುಡಿದು, "ನಮ್ಮ ಫಿಲ್ಟರ್ ಏನು ಪಾಪ ಮಾಡಿತ್ತೋ?" ಅಂದಳು.

ಮಾರನೇ ದಿನದಿಂದ ಚಿಕೋರಿ ಇಲ್ಲದ ಪುಡಿ. ಮೇಲೆ ದಪ್ಪ ನೊರೆ ಬಂತು, ಫೋಟೋ ತೆಗೆದೆ, ಒಂದು ವರ್ಷ ಖುಷಿಯಾಗಿದ್ದೆ. ಆ ನೊರೆಯ ಗುಟ್ಟು ಆಮೇಲೆ ತಿಳಿಯಿತು. ಮೆಷಿನ್ ಜೊತೆ ಬಂದಿದ್ದು ಎರಡು ಪದರದ ಬಾಸ್ಕೆಟ್, ಅಂದರೆ ಪುಡಿ ತುಂಬುವ ತೂತಿನ ಬಟ್ಟಲು. ಒಳಗೆ ಎಷ್ಟೇ ತೂತಿದ್ದರೂ ಹೊರಗಿನ ತಳದಲ್ಲಿ ಸೂಜಿಮೊನೆಯಷ್ಟು ಒಂದೇ ತೂತು. ಪುಡಿ ಹೇಗೇ ಇರಲಿ, ಕಾಫಿ ಆ ತೂತಿನಿಂದ ಚಿಮ್ಮಿ ನೊರೆಯಾಗುತ್ತದೆ. ಅಂದರೆ ನೋಡೋಕೆ ಮಾತ್ರ ಎಸ್ಪ್ರೆಸೊ.

ಸರಿ, ಒಂದೇ ಪದರದ ಬಾಸ್ಕೆಟ್ ತರಿಸಿದೆ. 8 ಸೆಕೆಂಡಿನಲ್ಲಿ ನಲ್ಲಿ ಬಿಟ್ಟ ಹಾಗೆ ತೆಳ್ಳನೆಯ ಹುಳಿ ನೀರು ಸುರಿಯಿತು. ಮೆಷಿನ್‌ದೇ ತಪ್ಪು ಅಂದುಕೊಂಡು ಲಕ್ಷದ ಮೇಲಿನ ಡಬಲ್ ಬಾಯ್ಲರ್‌ಗಳನ್ನು ನೋಡಲು ಶುರು ಮಾಡಿದೆ. ಕೆಫೆ ನಡೆಸುವ ಗೆಳೆಯನಿಗೆ ಫೋನ್ ಮಾಡಿದರೆ ಅವನು ಮೆಷಿನ್ ಸುದ್ದಿಯನ್ನೇ ಎತ್ತಲಿಲ್ಲ. "ಬೀಜ ಯಾವುದರಲ್ಲಿ ಪುಡಿ ಮಾಡ್ತೀಯ?" ಅಂದ. ಮಿಕ್ಸಿಯಲ್ಲಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಮಿಕ್ಸಿಯ ಬ್ಲೇಡ್ ಬೀಜವನ್ನು ಅರೆಯುವುದಿಲ್ಲ, ಕೊಚ್ಚುತ್ತದೆ. ಒಂದೇ ಜಾರಿನಲ್ಲಿ ಅರ್ಧ ಗೋಪಿಚಂದನದ ಥರ ನುಣುಪು, ಅರ್ಧ ಚಿರೋಟಿ ರವೆ. ನೀರು ರವೆಯ ಸಂದಿಯಲ್ಲಿ ನುಗ್ಗಿ ಹೋಗುತ್ತದೆ, ನುಣ್ಣನೆಯದರಿಂದ ಕಹಿ ಎಳೆದು ತರುತ್ತದೆ. ಬರ್ ಗ್ರೈಂಡರ್ ಅಂದರೆ ಪುಟ್ಟ ಬೀಸುಕಲ್ಲು ಅಷ್ಟೇ. ಎರಡು ಉಕ್ಕಿನ ಹಲ್ಲುಗಳ ನಡುವಿನ ಸಂದಿ ಎಷ್ಟೋ ಪುಡಿಯೂ ಅಷ್ಟೇ ಸಣ್ಣ. ಕೈಯಲ್ಲಿ ತಿರುಗಿಸುವುದನ್ನೇ 9 ಸಾವಿರ ಕೊಟ್ಟು ತಂದೆ. ಅದೇ ದುಡ್ಡಿಗೆ ಸಿಗುವ ಕರೆಂಟಿನದಕ್ಕಿಂತ ಇದರ ಹಲ್ಲು ಚೆನ್ನಾಗಿತ್ತು. 18 ಗ್ರಾಂ ಬೀಸಲು ಒಂದು ನಿಮಿಷ, ತೋಳಿಗೂ ಕೆಲಸ.

ಜೊತೆಗೆ 0.1 ಗ್ರಾಂ ತೋರಿಸುವ ಸಣ್ಣ ತೂಕದ ಸ್ಕೇಲ್. ಪುಡಿ 18 ಗ್ರಾಂ, ಕಪ್ಪಿಗೆ ಇಳಿಯಬೇಕಾದ ಕಾಫಿ 36 ಗ್ರಾಂ, ಸಮಯ 25ರಿಂದ 30 ಸೆಕೆಂಡ್. ಗ್ರೈಂಡರ್ ಎರಡು ಕ್ಲಿಕ್ ಬಿಗಿ ಮಾಡಿದರೆ 22 ಸೆಕೆಂಡ್ ಇದ್ದದ್ದು 29 ಆಗುತ್ತಿತ್ತು. ಬೇರೆ ಏನೂ ಮುಟ್ಟಿರಲಿಲ್ಲ! ಡಬಲ್ ಬಾಯ್ಲರ್ ಹುಡುಕಾಟ ಅಲ್ಲಿಗೇ ನಿಂತಿತು.

ಆಮೇಲೆ ತಳವಿಲ್ಲದ ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರಿಸಿ ಮೆಷಿನ್‌ಗೆ ಸಿಕ್ಕಿಸುವ ಹಿಡಿ) ತಂದೆ. ಕಾಫಿ ಬಾಸ್ಕೆಟ್‌ನಿಂದ ಹೇಗೆ ಇಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ನನಗೆ ಕಂಡದ್ದು ಪಿಚಕಾರಿ. ಟೈಲ್ಸ್ ಮೇಲೆ, ಬನಿಯನ್ ಮೇಲೆ, ಒಮ್ಮೆ ಕನ್ನಡಕದ ಮೇಲೂ. ಪುಡಿಯಲ್ಲಿ ಗಂಟಿದ್ದರೆ ನೀರು ಸಡಿಲ ಜಾಗ ಹುಡುಕಿ ಅಲ್ಲೇ ತೂರುತ್ತದೆ. ತಂಗಿಯ ತಂಬೂರಿಗೆ ಹಾಕಿ ಉಳಿದಿದ್ದ ಉಕ್ಕಿನ ತಂತಿಯನ್ನು ತುಂಡು ಮಾಡಿ ಒಂದು ಬಾಟಲಿ ಬಿರಡೆಗೆ ಚುಚ್ಚಿದೆ. ಟ್ಯಾಂಪ್ ಮಾಡುವ, ಅಂದರೆ ಪುಡಿಯನ್ನು ಒತ್ತಿ ಗಟ್ಟಿ ಮಾಡುವ ಮುಂಚೆ ಅದರಿಂದ ತಳದವರೆಗೂ ಕೆದಕುತ್ತೇನೆ. ಇದಕ್ಕೆ ಅಂಗಡಿಯಲ್ಲಿ ಸಾವಿರಾರು ರೂಪಾಯಿಯ ಉಪಕರಣವೂ ಇದೆ. ಸುಮ್ನೆ ದಂಡ.

ಆದರೂ ಪಿಚಕಾರಿ ಪೂರ್ತಿ ನಿಲ್ಲಲಿಲ್ಲ. ಉಳಿದ ಕಾರಣ ಪ್ರೆಷರ್. ಅದರ ಅಳತೆ ಬಾರ್. ಮೆಷಿನ್ ಡಬ್ಬದ ಮೇಲೆ 15 ಬಾರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಹಾಗೆ. ಎಸ್ಪ್ರೆಸೊಗೆ ಬೇಕಾದ್ದು 9ರ ಆಸುಪಾಸು. ಪಂಪಿನ ಪಕ್ಕದ ವಾಲ್ವ್‌ನಲ್ಲಿ ಒಂದು ಸ್ಪ್ರಿಂಗ್ ಇರುತ್ತದೆ. ಪ್ರೆಷರ್ ಮಿತಿ ಮೀರಿದಾಗ ಅದು ಬಾಗಿಲು ತೆಗೆದು ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಗೇಜ್ ಕಟ್ಟಿ ನೋಡಿದರೆ 12 ದಾಟಿತ್ತು. ಮೆದು ಸ್ಪ್ರಿಂಗ್ ಕೆಲವು ನೂರು ರೂಪಾಯಿಗೆ ಸಿಕ್ಕಿತು. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ವಾಲ್ವ್ ತಿರುಗಿಸಿದ್ದೇ ತಡ, ಹಳೆ ಸ್ಪ್ರಿಂಗ್ ಹಾರಿ ಗ್ಯಾಸ್ ಸ್ಟವ್ ಕೆಳಗೆ ಹೋಯಿತು. ಇವತ್ತಿಗೂ ಸಿಕ್ಕಿಲ್ಲ. ಹೊಸದು ಹಾಕಿದ ಮೇಲೆ ಗೇಜ್ 9.5ಕ್ಕೆ ನಿಂತಿತು. ಕಾಫಿ ಇಲಿಬಾಲದ ಹಾಗೆ ಒಂದೇ ಧಾರೆಯಾಗಿ ಇಳಿಯಿತು.

ಇನ್ನು ಬಿಸಿ. ಹಳೇ ಥರ್ಮೋಸ್ಟಾಟ್ ಇಸ್ತ್ರಿಪೆಟ್ಟಿಗೆಯ ಥರ, ಕಾದರೆ ಆಫ್, ತಣಿದರೆ ಆನ್. ನಡುವೆ ಹತ್ತು ಡಿಗ್ರಿಗೂ ಜಾಸ್ತಿ ಏರಿಳಿತ. ಒಂದೇ ಬೀಜ ಬೆಳಿಗ್ಗೆ ಹುಳಿ, ಸಂಜೆ ಕಹಿ. ಪಿಐಡಿ ಕಿಟ್ ಹಾಕಿದರೆ ಅದು ಬಾಯ್ಲರ್ ಬಿಸಿ ನೋಡುತ್ತಾ ಕರೆಂಟನ್ನು ಚೂರುಚೂರೇ ಬಿಡುತ್ತದೆ. 230 ವೋಲ್ಟ್ ಜೊತೆ ನನ್ನ ಧೈರ್ಯ ಸಾಲದು. ನಮ್ಮ ಬೀದಿಯಲ್ಲಿ ಗೀಸರ್ ರಿಪೇರಿ ಮಾಡುವವರನ್ನು ಕರೆದೆ. ಅವರು ವೈರಿಂಗ್ ಚಿತ್ರ ಎರಡು ಸಲ ನೋಡಿ, "ಸರ್, ಇದು ಗೀಸರ್ರೇ, ಸ್ವಲ್ಪ ಸಣ್ಣದು" ಅಂತ ಅರ್ಧ ಗಂಟೆಯಲ್ಲಿ ಮುಗಿಸಿದರು. ಸೆನ್ಸರ್ ಇರುವುದು ಬಾಯ್ಲರ್ ಹೊರಮೈಗೆ. ದಾರಿಯಲ್ಲಿ ಬಿಸಿ ಕಳೆಯುತ್ತದೆ. ಹಾಗಾಗಿ ನಾನು 104ಕ್ಕೆ ಇಡುತ್ತೇನೆ, ಪುಡಿಗೆ ತಾಕುವಾಗ 93ರ ಹತ್ತಿರ ಇರಲಿ ಅಂತ. ಪೋರ್ಟಾಫಿಲ್ಟರ್ ಸಿಕ್ಕಿಸುವ ಹಿತ್ತಾಳೆಯ ತಲೆ ಪೂರ್ತಿ ಕಾಯಲು 20 ನಿಮಿಷ ಬೇಕು. ಎದ್ದ ತಕ್ಷಣ ಸ್ವಿಚ್ ಹಾಕಿ ಸ್ನಾನಕ್ಕೆ ಹೋಗುತ್ತೇನೆ.

ಅವರೇ ಬಾಯ್ಲರ್ ಒಳಗೆ ಟಾರ್ಚ್ ಬಿಟ್ಟು ಬಿಳಿ ಪದರ ತೋರಿಸಿದರು. ನಮ್ಮದು ಬೋರ್‌ವೆಲ್ ಬೆರೆತ ನೀರು. ಲೀಟರ್‌ಗೆ 20 ಗ್ರಾಂ ನಿಂಬೆ ಉಪ್ಪು ಕರಗಿಸಿ ಎರಡು ಸಲ ತೊಳೆದೆ. ಈಗ ಆರ್‌ಓ ನೀರಿಗೆ ಸ್ವಲ್ಪವೇ ನಲ್ಲಿ ನೀರು ಬೆರೆಸುತ್ತೇನೆ. ಬರೀ ಆರ್‌ಓ ಹಾಕಿದರೆ ಕಾಫಿ ಸಪ್ಪೆ.

ಬೀಜ ಚಿಕ್ಕಮಗಳೂರಿನದು, ಹುರಿದ ದಿನಾಂಕ ನೋಡಿಯೇ ತರುತ್ತೇನೆ. ನಿನ್ನೆ ಹುರಿದದ್ದೂ ಆಗಲ್ಲ, ಒಳಗಿನ ಗ್ಯಾಸ್‌ಗೆ ಬರೀ ಗುಳ್ಳೆ ಬರುತ್ತದೆ. ವಾರ ಹತ್ತು ದಿನ ಬಿಟ್ಟರೆ ಸರಿ.

ಹಾಲಿನ ವಿಷಯಕ್ಕೆ ಮನೆಯಲ್ಲಿ ಇನ್ನೂ ಜಗಳ. ಕಾಯಿಸಿ ಆರಿಸಿದ ಹಾಲಿಗೆ ಸ್ಟೀಮ್ ಕೊಟ್ಟರೆ ಕೆನೆಯ ಚೂರು ಸ್ಟೀಮ್ ಬರುವ ಕಡ್ಡಿಯ ತೂತಿಗೆ ಸಿಕ್ಕಿಕೊಳ್ಳುತ್ತದೆ. ಫ್ರಿಜ್‌ನಿಂದ ತೆಗೆದ ಪ್ಯಾಕೆಟ್ ಹಾಲನ್ನೇ ಜಗ್ಗಿಗೆ ಸುರಿಯಬೇಕು. ಪಾಶ್ಚರೀಕರಿಸಿದ್ದು, ತೊಂದರೆಯಿಲ್ಲ ಅಂದರೂ ಅಮ್ಮ ಒಪ್ಪುವುದಿಲ್ಲ. "ಕಾಯಿಸದ ಹಾಲಾ?" ಅಂತ ಪ್ರತಿಸಲವೂ ಕೇಳುತ್ತಾಳೆ.

ಸಿಂಗಲ್ ಬಾಯ್ಲರ್ ಅಲ್ವಾ, ಸ್ಟೀಮ್ ಆದ ಮೇಲೆ ಮತ್ತೆ ತಣ್ಣಗೆ ಮಾಡಿ, ನೀರು ತುಂಬಿಸಿ, ಆಮೇಲೆ ಮುಂದಿನ ಎಸ್ಪ್ರೆಸೊ. ಇಬ್ಬರಿಗೆ ಸರಿ. ನಾಲ್ಕು ಜನ ನೆಂಟರು ಬಂದರೆ ನಾನೇ ಹೋಗಿ ಫಿಲ್ಟರ್‌ಗೆ ಬಿಸಿನೀರು ಹಾಕುತ್ತೇನೆ.