ಮಧ್ಯಾಹ್ನ ಬಾಡಿದ ಗುಳ್ಳದ ಗಿಡಕ್ಕೆ ನೀರು ಹಾಕುವ ಮೊದಲು

ಮಧ್ಯಾಹ್ನ ಗುಳ್ಳ (ಬದನೆ) ಅಥವಾ ಟೊಮೆಟೊ ಗಿಡದ ಎಲೆಗಳು ಜೋತುಬಿದ್ದದ್ದನ್ನು ಕಂಡ ಕೂಡಲೇ ನೀರು ಹೊಯ್ಯದೆ, ಬುಡದ ಮಣ್ಣಿಗೆ ಎರಡು ಇಂಚು ಬೆರಳಿಳಿಸಿ ನೋಡಿ. ತೇವವಿದ್ದರೆ ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಗಿಡವನ್ನು ಇನ್ನೊಮ್ಮೆ ಗಮನಿಸಿ ನಿರ್ಧರಿಸಿ. ಬೇರು ಹೀರಿದ ನೀರಿನಲ್ಲಿ ಶೇ. 95ಕ್ಕಿಂತ ಹೆಚ್ಚು ಪಾಲು ಎಲೆಗಳ ಮೂಲಕ ಆವಿಯಾಗಿ ಹೋಗುತ್ತದೆ, ಮತ್ತು ಉಡುಪಿ, ಮಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಆ ವೇಗಕ್ಕೆ ಬೇರಿನ ಪೂರೈಕೆ ಸಾಲದೆ ಒದ್ದೆ ಮಣ್ಣಿನಲ್ಲಿರುವ ಗಿಡವೂ ಬಾಡುತ್ತದೆ. ರಾತ್ರಿ ಪತ್ರರಂಧ್ರಗಳು ಮುಚ್ಚಿಕೊಂಡಾಗ ಬೇರು ಆ ಕೊರತೆಯನ್ನು ತುಂಬಿಕೊಡುವುದರಿಂದ ಎಲೆಗಳು ಮತ್ತೆ ಸೆಟೆದು ನಿಲ್ಲುತ್ತವೆ. ಇಂತಹ ಗಿಡಕ್ಕೆ ಮೇಲಿಂದ ಮೇಲೆ ನೀರು ಹೊಯ್ದರೆ ಮಣ್ಣಿನೊಳಗಿನ ಗಾಳಿ ಹೊರಹೋಗಿ, ಉಸಿರಾಟಕ್ಕೆ ಆಮ್ಲಜನಕ ಸಿಗದ ಬೇರು ಇನ್ನಷ್ಟು ಕಡಿಮೆ ನೀರು ಹೀರುತ್ತದೆ. ಮಣ್ಣು ಒದ್ದೆಯಿದ್ದೂ ಬೆಳಿಗ್ಗೆ ಗಿಡ ಚೇತರಿಸದಿದ್ದರೆ ಬೇರು ಕೊಳೆತಿರಬಹುದು, ಇಲ್ಲವೇ ನಮ್ಮ ಕರಾವಳಿಯಲ್ಲಿ ಬದನೆಗೆ ಬಹಳವಾಗಿ ತಗಲುವ ದುಂಡಾಣು ಸೊರಗು ರೋಗವು ನೀರು ಸಾಗಿಸುವ ನಾಳಗಳನ್ನೇ ಕಟ್ಟಿರಬಹುದು. ಒಂದು ಗಿಡದ ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಕೆಲವು ನಿಮಿಷ ತೂಗುಹಿಡಿದಾಗ ಹಾಲಿನಂತಹ ಎಳೆಗಳು ಇಳಿದರೆ ಅದು ಈ ರೋಗವೇ. ಅಂತಹ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟುಬಿಡುವುದೇ ಸರಿ. ಆದರೆ ರೋಗದ ಆರಂಭದಲ್ಲಿ ಗಿಡ ರಾತ್ರಿ ಚೇತರಿಸಿಕೊಳ್ಳುವುದೂ ಉಂಟು, ಆದ್ದರಿಂದ ಒಂದೇ ಬೆಳಗಿನ ನೋಟವನ್ನು ನಂಬಬಾರದು. ತಾರಸಿಯ ಸಣ್ಣ ಕುಂಡಗಳಿಗೂ ಕಡಲಬದಿಯ ಮರಳುಮಣ್ಣಿಗೂ ಈ ಕಾಯುವಿಕೆ ಹೊಂದುವುದಿಲ್ಲ. ಅಲ್ಲಿ ತೇವ ಬೇಗ ಆರಿಹೋಗುವುದರಿಂದ ಸಂಜೆ ಇನ್ನೊಮ್ಮೆ ಬೆರಳಿಳಿಸಿ, ಒಣಗಿದ್ದರೆ ಆಗಲೇ ನೀರು ಕೊಡಿ.